ಸಮ್ಮಟಿಗೆ ಬೀಳದ ಜಾಗ

ಕಬ್ಬಿಣಕ್ಕೆ ನೆನಪಿದೆ ಎಂಬುದು ಗೊತ್ತಾದ ಮೇಲೆ ಮೊದಲು ಉದ್ಧಾರವಾದವರು ವಿಜ್ಞಾನಿಗಳಲ್ಲ, ಗುಜರಿ ಅಂಗಡಿಯವರು. ಗಂಗಾವತಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅಷ್ಟು ದಿನ ರಾಶಿ ಬಿದ್ದಿದ್ದ ಮೊಂಡು ಕುಡುಗೋಲು, ಸವೆದ ಕುಳ, ಹಿಡಿಯಿಲ್ಲದ ಗುದ್ದಲಿಗಳೆಲ್ಲ ಗಾಜಿನ ಕಪಾಟು ಸೇರಿ, ‘ಇನ್ನೂ ಯಾರೂ ಕೇಳದ ಮಾಲು’ ಎಂಬ ಬೋರ್ಡಿನ ಕೆಳಗೆ ಬಿಗುಮಾನದಿಂದ ಕೂತವು.

ಸಂಗತಿ ಸರಳವಾದದ್ದೇ. ಕಾದ ಕಬ್ಬಿಣ ಕೆಂಪು ಕಳೆದು ಕಪ್ಪಾಗುವ ಹೊತ್ತಿಗೆ ಅದರೊಳಗಿನ ಕಣಗಳೆಲ್ಲ ಭೂಮಿಯ ಕಾಂತಶಕ್ತಿಗೆ ಮುಖಮಾಡಿ ಸಾಲಾಗಿ ನಿಂತುಬಿಡುತ್ತವೆ. ಆ ಹೊತ್ತಿನಲ್ಲಿ ಬಿದ್ದ ಒಂದೊಂದು ಏಟೂ ಆ ಸಾಲನ್ನು ಚೂರು ಕದಲಿಸುತ್ತದೆ. ಕದಲಿದ್ದು ಕದಲಿದ ಹಾಗೆಯೇ ಗಟ್ಟಿಯಾಗುತ್ತದೆ. ಮತ್ತೆ ಕಾಸಿದರೆ ಹಳೆಯದು ಅಳಿಸಿ ಹೊಸದು ಕೂರುತ್ತದೆ. ಹಾಗಾಗಿ ಯಾವುದೇ ಕಬ್ಬಿಣದಲ್ಲಿ ಉಳಿಯುವುದು ಕೊನೆಯ ಕಾವಿನ ಏಟುಗಳು ಮಾತ್ರ. ಅವನ್ನು ಓದಬೇಕೆಂದರೆ ಕಬ್ಬಿಣವನ್ನು ಒಂದು ಕುಲುಮೆಯಲ್ಲಿಟ್ಟು ಮೆಲ್ಲಮೆಲ್ಲಗೆ ಕಾಸಬೇಕು. ಕಣಗಳು ಒಂದೊಂದಾಗಿ ಸಾಲು ಬಿಡುವಾಗ ಸುತ್ತಲಿನ ಸಂವೇದಕಗಳು ಅದನ್ನು ಹಿಡಿದು ಸದ್ದಾಗಿ ಜೋಡಿಸುತ್ತವೆ. ಯಂತ್ರಕ್ಕೆ ಲೋಹಶ್ರವಣ ಎಂದು ಭಾರೀ ಹೆಸರಿಟ್ಟಿದ್ದರು, ಜನ ಅದನ್ನು ‘ಕಿವಿ’ ಎಂದರು. ಒಂದೇ ತೊಡಕೆಂದರೆ, ಕಬ್ಬಿಣ ಹೇಳುತ್ತ ಹೇಳುತ್ತಲೇ ಮರೆಯುತ್ತದೆ. ಒಮ್ಮೆ ಕೇಳಿದರೆ ಮುಗಿಯಿತು.

ಇದರಿಂದ ಜನ ಹಿಂಜರಿಯಲಿಲ್ಲ. ತಾತ ಬಡಿದ ಕೊಡಲಿಯ ಸದ್ದನ್ನು ಫೋನಿಗೆ ಹಾಕಿಸಿಕೊಳ್ಳುವುದು ಒಂದು ಶೋಕಿಯಾಯಿತು. ಮದುವೆ ಮನೆಯಲ್ಲಿ ನಾಲ್ಕು ಜನ ಸೇರಿದರೆ ನಾಲ್ಕು ಮುತ್ತಾತಂದಿರು ಜೇಬಿನೊಳಗೆ ಬಡಿಯುತ್ತಿದ್ದರು. ಆದರೆ ಕೇಳಿಸಿಕೊಂಡು ಬಂದವರ ಮನೆಯಲ್ಲಿ ಆ ಮೂಕ ಕಬ್ಬಿಣವನ್ನು ಎಲ್ಲಿಡಬೇಕೆಂಬುದೇ ತಿಳಿಯುತ್ತಿರಲಿಲ್ಲ. ದೇವರ ಜಗಲಿಯ ಮೇಲಿಟ್ಟರೆ ಒಂದು ಥರ, ಹಿತ್ತಲಿಗೆಸೆದರೆ ಇನ್ನೊಂದು ಥರ. ಸತ್ತವರು ಎರಡನೇ ಸಲ ಸತ್ತ ಮನೆಯಲ್ಲಿ ಹಾಗೇ ಆಗುವುದು.

ಪಂಪಮ್ಮ ಕಮ್ಮಾರ ಈ ಕಿವಿಯ ಮುಂದೆ ಕೂತು ಸಂಬಳ ತೆಗೆದುಕೊಳ್ಳುವವರಲ್ಲಿ ಒಬ್ಬಳು. ಪರದೇಶದ ಸಮ್ಮೇಳನವೊಂದರಲ್ಲಿ ಅವಳ ಹೆಸರಿನ ಬಾಲ ಕತ್ತರಿಸಿ ಡಾಕ್ಟರ್ ಪಂಪಾ ಎಂದು ಕರೆದಿದ್ದರು. ಅವಳೂ ಹೋಗಲಿ ಅಂತ ಬಿಟ್ಟಿದ್ದಳು. ಅವಳ ಕೇಂದ್ರ ಇದ್ದದ್ದು ಊರಾಚೆ, ಹುಲ್ಲೇಶನ ಗುಡ್ಡದ ಬುಡದಲ್ಲಿ. ಗುಡ್ಡದ ಮೇಲೆ ಬಂಡೆ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಸಮಾಧಿಗಳಿವೆ. ಸುತ್ತಲಿನವರು ಅವನ್ನು ಮೋರೇರ ಮನೆ ಅನ್ನುತ್ತಾರೆ. ಮೋರೇರು ಗೇಣುದ್ದದ ಜನವಂತೆ. ಅಗೆದು ನೋಡಿದರೆ ಒಳಗಿದ್ದವರು ನಮ್ಮಷ್ಟೇ ಉದ್ದ. ಜನಕ್ಕೆ ಇದರಿಂದ ಸ್ವಲ್ಪ ನಿರಾಸೆಯಾಯಿತು.

ಮೂರು ಸಾವಿರ ವರ್ಷದ ಹಿಂದೆ ಅಲ್ಲಿ ಹೂತವರ ಜೊತೆ ಕಬ್ಬಿಣವನ್ನೂ ಇಟ್ಟಿದ್ದರು. ಕೃಷ್ಣೆಯ ದಂಡೆಯಿಂದ ತುಂಗಭದ್ರೆಯ ತನಕ ಇಂಥ ಗೋರಿಗಳ ಕೊಡಲಿ, ಉಳಿ, ಭರ್ಚಿಗಳನ್ನೆಲ್ಲ ಕಿವಿಗೆ ಕೊಟ್ಟು ಆಗಿತ್ತು. ಪ್ರತಿ ಸೀಮೆಯ ಕುಲುಮೆಗೂ ಅದರದೇ ಬಡಿತವಿತ್ತು. ಹಲ್ಲುಗಳು ಇನ್ನೊಂದು ಸಾಕ್ಷಿ ಹೇಳುತ್ತಿದ್ದವು. ಚಿಕ್ಕಂದಿನಲ್ಲಿ ಕುಡಿದ ನೀರಿನ ಗುರುತು ದವಡೆ ಹಲ್ಲಿನಲ್ಲಿ ಉಳಿದಿರುತ್ತದಲ್ಲ, ಅದರಿಂದ ಯಾರು ಎಲ್ಲಿ ಹುಟ್ಟಿ ಎಲ್ಲಿಗೆ ಬಂದರೆಂದು ತಿಳಿಯುತ್ತಿತ್ತು. ಎರಡನ್ನೂ ಕೂಡಿಸಿ ನೋಡಿದಾಗ ಪಂಪಮ್ಮನಿಗೆ ಒಂದು ಮೋಜಿನ ಸಂಗತಿ ಹೊಳೆದಿತ್ತು. ಒಂದು ಊರಿನ ಬಡಿತ ಬದಲಾಗುತ್ತಿದ್ದದ್ದು ದಂಡೆತ್ತಿ ಬಂದ ಗಂಡಸರಿಂದಲ್ಲ, ದೂರದಿಂದ ಬಂದ ಸೊಸೆಯರಿಂದ. ಈ ಮಾತು ಕೇಂದ್ರದ ನಿರ್ದೇಶಕ ಪ್ರಹ್ಲಾದ ಗಲಗಲಿಯವರಿಗೆ ಅಷ್ಟಾಗಿ ಹಿಡಿಸಿರಲಿಲ್ಲ. ಸೊಸೆಯರ ನಕ್ಷೆಯನ್ನು ಮಂತ್ರಿಗಳ ಮುಂದೆ ಹಿಡಿಯುವುದು ಹೇಗೆ?

ಅವರಿಗೆ ಹಿಡಿಸಿದ್ದು ಗುಡ್ಡದ ನೆತ್ತಿಯ ಮೇಲಿನ ಗೋರಿಯಲ್ಲಿ ಒಬ್ಬ ಹೆಂಗಸಿನ ಎಲುಬುಗಳ ಜೊತೆ ಸಿಕ್ಕ ಕೊಡಲಿ. ಅದರಷ್ಟು ಒರಟು ಕೊಡಲಿಯನ್ನು ಯಾರೂ ಕಂಡಿರಲಿಲ್ಲ. ಇಟ್ಟಿಗೆ ಚೂರಿನಷ್ಟು ದಪ್ಪ, ಬಾಯಿಗೆ ಹರಿತವೇ ಇಲ್ಲ, ಮೈತುಂಬ ಸಣ್ಣ ಸಣ್ಣ ಗುಳಿ. ಕಿವಿಗೆ ಕೊಟ್ಟಾಗ ಕೇಳಿಸಿದ್ದೂ ಅಷ್ಟೇ: ಟಿಣ್. ಆಮೇಲೆ ಬಿಡುವು. ಮತ್ತೆ ಟಿಣ್. ಬೇರೆ ಕೊಡಲಿಗಳಲ್ಲಿ ಟಿಣ್ ಆದ ಮೇಲೆ ಧಣ್ ಎಂದು ದೊಡ್ಡ ಏಟು ಬೀಳುತ್ತಿತ್ತು. ಇದರಲ್ಲಿ ಅದಿಲ್ಲ. ಗಲಗಲಿಯವರಿಗೆ ಅರ್ಥ ಹಗಲಿನಷ್ಟು ಸ್ಪಷ್ಟವಾಯಿತು. ಸಮ್ಮಟಿಗೆಯಂಥ ದೊಡ್ಡ ಸುತ್ತಿಗೆ ಇನ್ನೂ ಹುಟ್ಟಿರದ ಕಾಲ, ಕಬ್ಬಿಣ ಬಡಿಯುವುದನ್ನು ಮನುಷ್ಯ ಇನ್ನೂ ಕಲಿಯುತ್ತಿದ್ದ ಕಾಲ, ಇದು ಮೊದಲ ಕೊಡಲಿ. ಅಂದಮೇಲೆ ಕಬ್ಬಿಣದ ಕೆಲಸ ಹೊರಗಿನಿಂದ ಇಲ್ಲಿಗೆ ಬಂದದ್ದಲ್ಲ, ಈ ಗುಡ್ಡದಿಂದ ಹೊರಟದ್ದು. ಗೋರಿಯಲ್ಲಿದ್ದ ಹೆಂಗಸು ಕಬ್ಬಿಣದ ಮೊದಲ ರಾಣಿ. ಪತ್ರಿಕೆಯವರು ಆಗಲೇ ಅವಳ ತಲೆಗೆ ಕಿರೀಟವಿಟ್ಟು ಚಿತ್ರ ಬರೆಸಿದ್ದರು. ಸೋಮವಾರ ಘೋಷಣೆ.

ಪಂಪಮ್ಮ ಆ ಧ್ವನಿಯನ್ನು ಮೊದಲ ಸಲ ಕೇಳಿದಾಗ ಕುರ್ಚಿಯಿಂದ ಎದ್ದು ಹೊರಗೆ ಹೋಗಿ ನಿಂತಿದ್ದಳು. ಯಂತ್ರ ನೋಡಿಕೊಳ್ಳುವ ರೆಹಾನಾ ಹಿಂದೆಯೇ ಬಂದು, ಏನಾಯ್ತಕ್ಕಾ ಎಂದು ಕೇಳಿದಳು. ಏನಿಲ್ಲ, ಒಳಗೆ ಸೆಕೆ ಎಂದಳು ಪಂಪಮ್ಮ. ಒಳಗೆ ಯಂತ್ರಕ್ಕೋಸ್ಕರ ಎಂಥ ತಣ್ಣಗೆ ಮಾಡಿಟ್ಟಿದ್ದರೆಂದರೆ ರೆಹಾನಾ ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಳ್ಳುತ್ತಿದ್ದಳು.

ಆ ಟಿಣ್ ಅವಳಿಗೆ ಗೊತ್ತಿದ್ದ ಸದ್ದು. ಅವಳ ಅಪ್ಪ ಮಾನಪ್ಪ ಕಬ್ಬಿಣವಿಟ್ಟು ಬಡಿಯುವ ಅಡಿಗಲ್ಲಿನ ಮುಂದೆ ಕೂತು, ಎಡಗೈಯಲ್ಲಿ ಇಕ್ಕಳ, ಬಲಗೈಯಲ್ಲಿ ಸಣ್ಣ ಸುತ್ತಿಗೆ ಹಿಡಿದಿರುತ್ತಿದ್ದ. ಅವ್ವ ಕಾಳಮ್ಮ ಎದುರಿಗೆ ಸೆರಗು ಬಿಗಿದು ಸಮ್ಮಟಿಗೆ ಎತ್ತಿ ನಿಂತಿರುತ್ತಿದ್ದಳು. ಅಪ್ಪನ ಸುತ್ತಿಗೆ ಕಬ್ಬಿಣವನ್ನು ಬಡಿಯುತ್ತಿರಲಿಲ್ಲ, ಬರೀ ಮುಟ್ಟುತ್ತಿತ್ತು. ಟಿಣ್ ಅಂದರೆ ‘ಇಲ್ಲಿ’ ಎಂದರ್ಥ. ಇಲ್ಲಿ ಅಂದ ಜಾಗಕ್ಕೆ ಅವ್ವನ ಸಮ್ಮಟಿಗೆ ಧಣ್ ಎಂದು ಬೀಳುತ್ತಿತ್ತು. ಇಬ್ಬರೂ ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ಈ ಮಾತು ಮಾತ್ರ ನಡೆದೇ ಇರುತ್ತಿತ್ತು.

ಗೋರಿಯ ಕೊಡಲಿಯಲ್ಲಿ ಯಾರೋ ಇಲ್ಲಿ, ಇಲ್ಲಿ, ಇಲ್ಲಿ ಎಂದು ಹೇಳುತ್ತ ಹೋಗಿದ್ದ. ಬಡಿಯುವವರು ಇರಲಿಲ್ಲ.

ಅವಳು ಇದನ್ನು ಗಲಗಲಿಯವರಿಗೆ ಹೇಳಿದಳು. ಟಿಣ್‌ನಿಂದ ಟಿಣ್‌ಗೆ ಜಾಗ ಒಂದು ಸಮ್ಮಟಿಗೆಯ ಮುಖದಷ್ಟು ಸರಿಯುತ್ತದೆ. ನಡುವಿನ ಬಿಡುವು ಸಮ್ಮಟಿಗೆ ಎತ್ತಿ ಇಳಿಸುವಷ್ಟೇ ಉದ್ದವಿದೆ. ಗೋರಿಯ ಹೆಂಗಸಿನ ಬಲಭುಜದ ಎಲುಬು ಎಡದ್ದಕ್ಕಿಂತ ದಪ್ಪಗಿದೆ, ರಾಣಿಯರಿಗೆ ಹಾಗಾಗುವುದಿಲ್ಲ. ಇದು ಕಲಿಯುವವನ ಕೊಡಲಿಯಲ್ಲ ಸರ್, ಹೆಂಡತಿ ಸತ್ತವನದು ಎಂದಳು.

ಗಲಗಲಿಯವರು ಕೆಟ್ಟ ಮನುಷ್ಯರಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. “ನೋಡ್ರಿ ಪಂಪಾ, ಇದ್ದ ಸದ್ದಿಗೆ ಸಾಕ್ಷಿ ಕೇಳಬಹುದು. ಇಲ್ಲದ ಸದ್ದಿಗೆ ನಾನು ಏನಂತ ಸಾಕ್ಷಿ ಕೊಡ್ಲಿ? ಬಿಡುವಿನೊಳಗ ಒಬ್ಬಾಕಿ ಇರಬೇಕಾಗಿತ್ತು ಅಂತ ಹೆಂಗ ಬರೀತೀರಿ?”

ಇಬ್ಬರಲ್ಲಿ ಒಬ್ಬರು ಇಲ್ಲದೆ ಬಡಿದ ಕಬ್ಬಿಣ, ಹಾಗೆಂದು ಖಚಿತವಾಗಿ ಗೊತ್ತಿರುವ ಕಬ್ಬಿಣ, ಒಂದಾದರೂ ಸಿಕ್ಕರೆ ಎರಡನ್ನೂ ಹೋಲಿಸಿ ನೋಡೋಣ, ಘೋಷಣೆ ಮುಂದೆ ಹಾಕುತ್ತೇನೆ ಎಂದರು. ಸಿಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಕಬ್ಬಿಣ ಬಡಿಯುವವರು ಈಗ ಯಾರಿದ್ದಾರೆ? ಇದ್ದವರ ಮಾಲೆಲ್ಲ ಕೇಳಿ ಮುಗಿದು, ಫೋನುಗಳಲ್ಲಿ ಬಡಿಯುತ್ತಿದೆ.

ಕೇಂದ್ರದ ಕ್ವಾರ್ಟರ್ಸಿನ ಮನೆಯಲ್ಲಿ ಕಾಳಮ್ಮ ಈಳಿಗೆಯ ಮಣೆಯ ಮೇಲೆ ಕಾಲು ಮಡಚಿ ಕೂತು ಹೀರೇಕಾಯಿ ಹೆಚ್ಚುತ್ತಿದ್ದಳು. ಮಗಳು ತಂದಿಟ್ಟ ಚಾಕುಗಳು ಡಬ್ಬಿಯಲ್ಲಿ ಹಾಗೇ ಇದ್ದವು. ಅವಳ ಬಲಭುಜ ಎಡದ್ದಕ್ಕಿಂತ ಎತ್ತರ, ತೋಳು ದಪ್ಪ. ಹೊಸ ದರ್ಜಿಯ ಹತ್ತಿರ ಹೋದಾಗಲೆಲ್ಲ ಜಂಪರಿನ ಒಂದು ತೋಳು ಅಗಲ ಇಡಪ್ಪ ಎಂದು ಹೇಳಬೇಕು. ಅವನು ಅಳತೆ ತಪ್ಪಿತೆಂದು ಮತ್ತೆ ಟೇಪು ಹಿಡಿಯುವುದು, ಇವಳು ಬೈಯುವುದು ನಡೆದೇ ಇರುತ್ತಿತ್ತು.

ಆ ಈಳಿಗೆ ಅಪ್ಪನ ಕೈಯ ಕೊನೆಯ ಕೆಲಸ. ಪಂಪಮ್ಮ ಹಾಸ್ಟೆಲಿನಲ್ಲಿದ್ದಾಗ ಅಪ್ಪ ಅಡಿಗಲ್ಲಿನ ಮುಂದೆ ಕೂತವನು ಹಾಗೇ ಮುಂದಕ್ಕೆ ವಾಲಿದ್ದ. ಕಿವಿ ಬಂದ ಮೊದಲ ವರ್ಷ ಅವಳು ಆ ಈಳಿಗೆಯ ಮೇಲೆ ಕಣ್ಣು ಹಾಕಿದ್ದಳು. ಒಂದೇ ಒಂದು ಸಲ ಅಪ್ಪನನ್ನು ಕೇಳಬೇಕು ಎಂದು. ಅವ್ವ ಖಡಾಖಂಡಿತವಾಗಿ ಆಗದು ಎಂದಿದ್ದಳು. ಅದರೊಳಗಿನದು ಹೋದರೆ ಅದು ಬರೀ ಕಬ್ಬಿಣ; ಈಗ ಅದರಲ್ಲಿ ಏನು ಹೆಚ್ಚಿದರೂ ಆತನ ಎದುರಿಗೆ ಹೆಚ್ಚಿದ ಹಾಗಿರುತ್ತದೆ; ಕೇಳಲೇಬೇಕೆಂದೇನೂ ಇಲ್ಲ, ಇದ್ದರೆ ಸಾಕು. ಪಂಪಮ್ಮ ಆಮೇಲೆ ಆ ಮಾತು ಎತ್ತಿರಲಿಲ್ಲ.

ಆ ದಿನ ಅವ್ವನೇ ಗೋರಿಯ ವಿಷಯ ತೆಗೆದಳು. ಪತ್ರಿಕೆಯ ಚಿತ್ರ ನೋಡಿದ್ದಳು.

“ಅಲ್ಲ ಪಂಪಿ, ಆ ಕಿರೀಟದಾಕಿ ಎಲ್ಲಿಯಾಕಿ?”

ಹಲ್ಲಿನ ಪ್ರಕಾರ ಅವಳು ಇಲ್ಲಿ ಹುಟ್ಟಿದವಳಲ್ಲ, ಕೃಷ್ಣೆಯ ದಂಡೆಯಿಂದ ಬಂದವಳು, ಸುರಪುರದ ಆಚೀಚೆ ಇರಬಹುದು ಎಂದಳು ಮಗಳು.

ಕಾಳಮ್ಮನ ಕೈ ನಿಂತಿತು. ಅವಳ ತವರೂ ಅದೇ ಸೀಮೆ. ಇಷ್ಟು ದೂರ ಕೊಟ್ಟರಲ್ಲ ಎಂದು ಮದುವೆಯಾದ ಹೊಸತರಲ್ಲಿ ಅತ್ತವಳು. “ನಮ್ಮ ಕಡಿಯಾಕಿ ಅನ್ನು,” ಎಂದಳು, ಸೋದರತ್ತೆಯ ಮನೆಯವರು ಯಾರೋ ಬಸ್ಸಿನಲ್ಲಿ ಸಿಕ್ಕ ಹಾಗೆ. “ಪಾಪ, ಇಷ್ಟು ದೂರ. ಯಾವ ಕೆಲಸದಾಕಿ?”

ಪಂಪಮ್ಮ ಎಲ್ಲ ಹೇಳಿದಳು. ಭುಜದ ಎಲುಬಿನ ಮಾತು ಬಂದಾಗ ಅವ್ವ ತನ್ನ ಭುಜವನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಸೋಮವಾರ ಗಲಗಲಿಯವರು ಏನು ಹೇಳಲಿದ್ದಾರೆ ಎಂಬುದು ಗೊತ್ತಾದಾಗ ಅವಳಿಗೆ ಸಿಟ್ಟು ಬಂದಿತು.

“ಅಂದ್ರ ಆಕಿಗೆ ಸಮ್ಮಟಿಗಿ ಹಿಡಿಯಾಕ ಬರ್ತಿದ್ದಿಲ್ಲ ಅಂತಾರೇನು? ಆಕಿ ಗಂಡ ಬಡಿಯೂದು ಕಲಿಯಾಕತ್ತಿದ್ದ ಅಂತ ಊರ ತುಂಬ ಹೇಳ್ತಾರೇನು? ದುಡಿದು ತೋಳು ಬೀಗಿಸಿಕೊಂಡಾಕಿನ್ನ ತಗೊಂಡು ಹೋಗಿ ಕಿರೀಟ ಹಾಕಿ ಕುಂದ್ರಿಸ್ಯಾರ.”

ಮಗಳು ಸಾಕ್ಷಿಯಿಲ್ಲ ಎಂದಳು. ಎಂಥ ಕಬ್ಬಿಣ ಬೇಕಾಗಿತ್ತು ಎಂಬುದನ್ನೂ, ಅದು ಸಿಗುವ ಹಾಗಿಲ್ಲ ಎಂಬುದನ್ನೂ ಹೇಳಿದಳು. ಕಾಳಮ್ಮ ಹೀರೇಕಾಯಿ ಹೆಚ್ಚಿ ಮುಗಿಸಿ, ಸಿಪ್ಪೆಯನ್ನು ಚಟ್ನಿಗೆ ತೆಗೆದಿಟ್ಟು, ಈಳಿಗೆಯ ಅಲಗನ್ನು ಸೆರಗಿನಿಂದ ಒರೆಸಿದಳು.

“ಇದು ಅರ್ಧ ನಿಮ್ಮಪ್ಪಂದು,” ಎಂದಳು. “ಅರ್ಧ ನಂದು.”

ಅಲಗಿನ ಬಾಗಿದ ಭಾಗ ಇಬ್ಬರೂ ಕೂಡಿ ಬಡಿದದ್ದು. ಬುಡದ ಭಾಗ ಬಡಿಯುವುದಿತ್ತು, ಅಷ್ಟರಲ್ಲಿ ಆತ ವಾಲಿದ. ಕರ್ಮಾಂತರಗಳೆಲ್ಲ ಮುಗಿದು, ಬಂದವರು ಹೋದ ಮೇಲೆ, ಒಂದು ದಿನ ಅವಳೇ ಕುಲುಮೆ ಹೊತ್ತಿಸಿ, ಆ ಬುಡವನ್ನಷ್ಟೇ ಕಾಸಿ, ಒಬ್ಬಳೇ ಸಮ್ಮಟಿಗೆಯಲ್ಲಿ ಬಡಿದು ಮುಗಿಸಿದಳು. ಅರ್ಧಕ್ಕೆ ಬಿಟ್ಟ ಕಬ್ಬಿಣ ಮನೆಯಲ್ಲಿರಬಾರದು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದೇನಿದೆ?

“ಮೊದಲು ಬಡಿಯಾಕ ಆಗಲೇ ಇಲ್ಲ,” ಎಂದಳು. “ಎತ್ತಿದ ಸಮ್ಮಟಿಗಿ ಎತ್ತಿದಂಗ ನಿಲ್ತಿತ್ತು. ಇಲ್ಲಿ ಅಂತ ಅವ್ರು ಹೇಳೂ ತನಕ ಹೆಂಗ ಹೊಡೀಲಿ?”

ಪಂಪಮ್ಮನಿಗೆ ಅರ್ಥವಾಯಿತು, ಅರ್ಥವಾದದ್ದು ಬೇಡವೂ ಆಯಿತು. ಬುಡವನ್ನಷ್ಟೇ ಕೇಳಲು ಬರುವುದಿಲ್ಲ, ಕಿವಿಯ ಕುಲುಮೆಗೆ ಹೋದರೆ ಇಡೀ ಹೋಗಬೇಕು. ಕತ್ತರಿಸಿದರೆ ಗರಗಸದ ಅದುರಾಟ ಎಲ್ಲವನ್ನೂ ಕೆಡಿಸುತ್ತದೆ. ಅಪ್ಪನ ಟಿಣ್ ಕೂಡ ಹೋಗುತ್ತದೆ ಎಂದಳು. ಬೇಡವ್ವ ಎಂದಳು. ಇಷ್ಟು ವರ್ಷ ತಾನೇ ಬೇಕೆಂದು ಆಸೆಪಟ್ಟದ್ದನ್ನು ಈಗ ಬೇಡವೆಂದು ಹೇಳುತ್ತಿರುವುದು ಅವಳಿಗೇ ವಿಚಿತ್ರವಾಗಿ ಕೇಳಿಸಿತು.

ಕಾಳಮ್ಮ ಮಣೆಯಿಂದ ಅಲಗನ್ನು ಬಿಡಿಸಿ, ಹಳೆಯ ಟವೆಲಿನಲ್ಲಿ ಸುತ್ತತೊಡಗಿದ್ದಳು. “ತವರಿನಾಕಿಗೆ ಯಾರೂ ಇಲ್ಲ ಅಂತ ತಿಳಕೊಂಡಾರ,” ಎಂದಳು. “ನಾನೂ ಬರ್ತೀನಿ. ನಿಮ್ಮಪ್ಪನ್ನ ಒಬ್ಬರನ್ನ ಹೆಂಗ ಕಳಸ್ಲಿ?”

ಮರುದಿನ ಕೇಂದ್ರದಲ್ಲಿ ಕಾಳಮ್ಮನಿಗೆ ಗಲಗಲಿಯವರೇ ಕುರ್ಚಿ ಹಾಕಿದರು, ರೆಹಾನಾ ತನ್ನ ಸ್ವೆಟರು ಹೊದಿಸಿದಳು. ಈಳಿಗೆಯ ಅಲಗು ಗಾಜಿನಾಚೆಯ ಕುಲುಮೆಯೊಳಗೆ ಹೋಯಿತು. ಕಾಳಮ್ಮ ಅದನ್ನು ನೋಡಿ, ಇದ್ದಿಲಿಲ್ಲದ ಕುಲುಮೆ ಎಂಥ ಕುಲುಮೆ ಎಂದಳು. ಕಿವಿಗೆ ಒಂದು ಸಭ್ಯತೆ ಕಲಿಸಿದ್ದರು. ತೀರ ಸಣ್ಣ ನಡುಕಗಳನ್ನು ಕುಲುಮೆಯ ಗದ್ದಲವೆಂದು ತಿಳಿದು ಅದು ಕೇಳಿಸುವ ಧ್ವನಿಯಿಂದ ತಾನಾಗಿ ಅಳಿಸಿಬಿಡುತ್ತಿತ್ತು. ಇವತ್ತು ಏನನ್ನೂ ಅಳಿಸುವುದು ಬೇಡ, ಬಂದದ್ದು ಬಂದ ಹಾಗೇ ಇರಲಿ ಎಂದಳು ಪಂಪಮ್ಮ. ಅಪ್ಪನ ವಿಷಯದಲ್ಲಿ ಯಂತ್ರ ತನ್ನ ಬುದ್ಧಿ ಓಡಿಸುವುದು ಅವಳಿಗೆ ಬೇಕಿರಲಿಲ್ಲ. ರೆಹಾನಾ ಆ ಸೋಸುವ ವ್ಯವಸ್ಥೆಯನ್ನು ತೆಗೆದಳು.

ಮೊದಲು ಬಹಳ ಹೊತ್ತು ಮರಳು ಸುರಿದಂಥ ಸದ್ದು. ಆಮೇಲೆ, ಟಿಣ್, ಧಣ್. ಟಿಣ್, ಧಣ್.

ಪಂಪಮ್ಮ ಗೋಡೆಗೆ ಒರಗಿದಳು. ಅಪ್ಪ ಇಲ್ಲಿ ಅನ್ನುತ್ತಿದ್ದ, ಅವ್ವ ಹೂಂ ಅನ್ನುತ್ತಿದ್ದಳು. ನಡುವೆ ಒಂದು ಕಡೆ ಟಿಣ್ ಟಿಣ್ ಎಂದು ಎರಡು ಸಲ ಬಂದಿತು. ಅದು ಅವ್ವ ತಪ್ಪು ಜಾಗಕ್ಕೆ ಹೊಡೆದಾಗ ಅಪ್ಪ ರೇಗುವ ಬಗೆ. ಕಾಳಮ್ಮ ತುಟಿ ಬಿಗಿದು, “ಸುಳ್ಳು, ನಾ ಸರೀ ಹೊಡದಿದ್ದೆ,” ಎಂದಳು. ಗಲಗಲಿಯವರು ನೆಲ ನೋಡಿದರು. ಒಂದೊಂದು ಟಿಣ್ ಕೇಳಿದ ಹಾಗೆಯೇ ಅದು ಕಬ್ಬಿಣದಿಂದ ಕಳಚಿ ಹೋಗುತ್ತಿತ್ತು. ಪರದೆಯ ಮೇಲೆ ಆ ಜಾಗಗಳು ಒಂದೊಂದಾಗಿ ಬೂದಿಯ ಬಣ್ಣಕ್ಕೆ ತಿರುಗುತ್ತಿದ್ದವು.

ಆಮೇಲೆ ಬುಡ ಬಂದಿತು. ಧಣ್. ಬಿಡುವು. ಧಣ್. ಬಿಡುವು. ಟಿಣ್ ಇಲ್ಲ.

ಸಾಕ್ಷಿ ಸಿಕ್ಕಿತ್ತು. ಒಬ್ಬರು ಹೋದ ಮೇಲೆ ಉಳಿದವರು ಬಡಿಯುವಾಗ ಹೋದವರ ಪಾಲಿನ ಹೊತ್ತನ್ನು ಬಿಟ್ಟೇ ಬಡಿಯುತ್ತಾರೆ. ಗಲಗಲಿಯವರು ಏನೋ ಹೇಳಲು ಬಾಯಿ ತೆರೆದರು, ರೆಹಾನಾ ಕೈಯೆತ್ತಿ ತಡೆದಳು.

“ಅಕ್ಕಾ, ಬಿಡುವು ಖಾಲಿ ಇಲ್ಲ.”

ಪರದೆಯ ಮೇಲೆ, ಎರಡು ಧಣ್‌ಗಳ ನಡುವೆ, ಕೂದಲೆಳೆಯಷ್ಟು ಸಣ್ಣ ನಡುಕವಿತ್ತು. ಪ್ರತಿ ಬಿಡುವಿನಲ್ಲೂ ಇತ್ತು, ಟಿಣ್ ಇರಬೇಕಾಗಿದ್ದ ಜಾಗದಲ್ಲೇ ಇತ್ತು. ರೆಹಾನಾ ಅದನ್ನು ಹಿಗ್ಗಿಸಿ, ಧ್ವನಿ ಏರಿಸಿದಳು. ಲೋಹದ ಸದ್ದಲ್ಲ. ಉಸಿರಿತ್ತು ಅದರಲ್ಲಿ. ಯಾರೋ ಕಬ್ಬಿಣದ ಮೇಲೆ ಬಗ್ಗಿ, ಬಾಯಿಂದ ಮೆಲ್ಲಗೆ, ಟಿಣ್ ಎಂದ ಹಾಗೆ.

ಎಲ್ಲರೂ ಕಾಳಮ್ಮನ ಕಡೆ ನೋಡಿದರು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಗಂಡನ ಹೆಸರು ಹೇಳಿಸಿದ ಹಾಗೆ ಮುಖ ಕೆಂಪಾಗಿತ್ತು.

“ಯಾರೂ ಹೇಳವ್ರು ಇದ್ದಿಲ್ಲಲ್ಲ,” ಎಂದಳು. “ನಾನೇ ಅಂದ್ಕೊಂಡೆ.”

ಕಬ್ಬಿಣದಲ್ಲಿ ಅಲ್ಲಿಯ ತನಕ ಯಾರೂ ಮನುಷ್ಯರ ಧ್ವನಿ ಕೇಳಿರಲಿಲ್ಲ. ಇದ್ದಿರಲೂಬಹುದು. ಗದ್ದಲವೆಂದು ಎಲ್ಲವನ್ನೂ ಅಳಿಸಿದ್ದರು. ಪಂಪಮ್ಮನಿಗೆ ಇನ್ನೊಂದು ಮಾತು ಹೊಳೆಯಿತು. ಗುಡ್ಡದ ಕೊಡಲಿ ಮೂಕವಾಗಿತ್ತು ನಿಜ, ಆದರೆ ಅದನ್ನು ಓದಿದಾಗಿನ ಮೂಲ ದಾಖಲೆ, ಏನನ್ನೂ ಸೋಸದ ದಾಖಲೆ, ಯಂತ್ರದಲ್ಲೇ ಇತ್ತು. ಯಾರೂ ಅದನ್ನು ತೆರೆದು ನೋಡಿರಲಿಲ್ಲ. ಅವಳು ಬಾಯಿಬಿಟ್ಟು ಹೇಳುವ ಮೊದಲೇ ರೆಹಾನಾ ಅದನ್ನು ಹುಡುಕುತ್ತಿದ್ದಳು.

ಟಿಣ್ ಎಂದಿತು ಕೊಡಲಿ. ಆಮೇಲೆ ಬಿಡುವು. ಬಿಡುವಿನೊಳಗೆ ಒಬ್ಬ ಗಂಡಸು ಎದೆಯಾಳದಿಂದ ಒಂದು ಸದ್ದು ಹೊರಡಿಸಿದ. ಹೂಂ ಎಂದೂ ಅಲ್ಲ, ಧಣ್ ಎಂದೂ ಅಲ್ಲ, ಅದನ್ನು ಬರೆಯಲು ಬರುವುದಿಲ್ಲ. ಅವನ ಭಾಷೆಯಲ್ಲಿ ಸಮ್ಮಟಿಗೆ ಬೀಳುವ ಸದ್ದಿಗೆ ಏನನ್ನುತ್ತಿದ್ದರೋ ಅದು. ಆ ಜನ ಎಲ್ಲಿಂದ ಬಂದರು, ಎಲ್ಲಿಗೆ ಹೋದರು ಎಂದು ನಕ್ಷೆ ಬರೆದದ್ದಾಗಿತ್ತು. ಅವರು ಆಡಿದ ಮಾತಿನಲ್ಲಿ ಭೂಮಿಯ ಮೇಲೆ ಉಳಿದದ್ದು ಇದೊಂದೇ. ಮತ್ತೆ ಟಿಣ್. ಮತ್ತೆ ಅವನು ಅವಳ ಪಾಲಿನದನ್ನು ತಾನೇ ಅಂದ. ಬರಬರುತ್ತ ಆ ಸದ್ದು ಕುಗ್ಗುತ್ತಿತ್ತು, ಟಿಣ್ ಮಾತ್ರ ಕುಗ್ಗಲಿಲ್ಲ.

ಗಲಗಲಿಯವರು ಸೋಮವಾರದ ಭಾಷಣದ ಹಾಳೆಯನ್ನು ಜೇಬಿನಿಂದ ತೆಗೆದು, ನೋಡಿ, ಮಡಚಿ ಮತ್ತೆ ಜೇಬಿಗೆ ಹಾಕಿಕೊಂಡರು. ಆ ಕಿರೀಟದ ಚಿತ್ರ ತೆಗೆಸಬೇಕು ಎಂದಷ್ಟೇ ಹೇಳಿದರು, ಯಾರಿಗೆಂದಿಲ್ಲದೆ.

“ಪಾಪ,” ಎಂದಳು ಕಾಳಮ್ಮ. “ಎಷ್ಟು ದಿನದಿಂದ ಕಾಯಾಕತ್ಯಾನೋ.”

ಅವಳು ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡಳು. ಮುಂದಿನ ಟಿಣ್ ಬಂದಾಗ ಅವಳ ಬಲತೋಳು ತನ್ನಷ್ಟಕ್ಕೆ ತಾನೇ ಮೇಲೆದ್ದಿತು. ಬಿಡುವಿನ ಸರಿಯಾದ ನಡುವಿಗೆ, ಅವನು ಬಾಯಿ ತೆರೆದ ಜಾಗಕ್ಕೆ, ಅಂಗೈ ಮೇಜಿನ ಮೇಲೆ ಬಿದ್ದಿತು. ಲೋಟ ಅದುರಿತು. ಟಿಣ್ ಎಂದ ಅವನು. ಇವಳು ಬಡಿದಳು. ಟಿಣ್ ಎಂದ, ಬಡಿದಳು. ಮೂರು ಸಾವಿರ ವರ್ಷದಿಂದ ದಪ್ಪಗೇ ಉಳಿದಿದ್ದ ಆ ಕೊಡಲಿ ಎಲ್ಲೋ ತೆಳ್ಳಗಾಗುತ್ತಿದೆ ಎಂದು ಪಂಪಮ್ಮನಿಗೆ ಒಂದು ಗಳಿಗೆ ನಿಜವಾಗಿಯೂ ಅನ್ನಿಸಿತು. ಯಾರೂ ಅವ್ವನನ್ನು ತಡೆಯಲಿಲ್ಲ. ಗಾಜಿನಾಚೆ ಈಳಿಗೆಯ ಅಲಗು ಆರುತ್ತಿತ್ತು, ಅದರಲ್ಲಿ ಇನ್ನು ಏನೂ ಇರಲಿಲ್ಲ.

ದಾಖಲೆ ಒಂದು ಟಿಣ್‌ನೊಂದಿಗೆ ಮುಗಿಯಿತು. ಕಾಳಮ್ಮ ಅದಕ್ಕೂ ಬಡಿದಳು. ಮತ್ತೆ ಕೈಯೆತ್ತಿದಳು. ಎತ್ತಿದ ಕೈ ಎತ್ತಿದ ಹಾಗೆಯೇ ನಿಂತಿತು. ಇಲ್ಲಿ ಎಂದು ಹೇಳುವವರು ಇಬ್ಬರೂ ಹೋಗಿಬಿಟ್ಟಿದ್ದರು.